ಆನ್‌ಲೈನ್ ಖರೀದಿ: ಗ್ರಾಹಕರ ಹಕ್ಕುಗಳು ಮತ್ತು ದೂರು ಸಲ್ಲಿಸುವ ವಿಧಾನ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ನಿವಾಸಿಗಳು ಅಂತರ್ಜಾಲದ ಮೂಲಕ ಖರೀದಿಸಿದ ಸರಕಿನ ಬಗ್ಗೆ ಉಡುಪಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಮಾರಾಟಗಾರರ ಕಚೇರಿ ದೆಹಲಿಯಲ್ಲಿದ್ದರೂ ಅಲ್ಲಿಗೆ ಹೋಗುವ ಅಗತ್ಯವಿರುವುದಿಲ್ಲ.

1986ರ ಕಾಯ್ದೆಯಡಿ ಎದುರುದಾರರ ವ್ಯವಹಾರ ಸ್ಥಳ ಅಥವಾ ವ್ಯಾಜ್ಯಕಾರಣ ಉದ್ಭವಿಸಿದ ಸ್ಥಳವನ್ನು ಆಧರಿಸಿ ದೂರು ದಾಖಲಿಸಬೇಕಾಗಿತ್ತು. ಆನ್‌ಲೈನ್ ಖರೀದಿಯಲ್ಲಿ ಆ ಸ್ಥಳ ಯಾವುದೆಂಬುದೇ ತಕರಾರಿಗೆ ಎಡೆಮಾಡಿಕೊಡುತ್ತಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಪ್ರಕರಣವು ದೂರುದಾರರು ವಾಸವಾಗಿರುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಸಲ್ಲಿಸಲು ಅವಕಾಶ ಕಲ್ಪಿಸಿದೆ. ದೂರದ ಊರಿನ ಮಾರಾಟಗಾರರೊಂದಿಗೆ ವ್ಯವಹರಿಸುವವರಿಗೆ ಇದು ಕಾಯ್ದೆಯ ಅತ್ಯಂತ ಉಪಯುಕ್ತ ಬದಲಾವಣೆ ಎನ್ನಬಹುದು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಸರಕು ದೋಷಯುಕ್ತವಾಗಿದ್ದಲ್ಲಿ, ನಕಲಿಯಾಗಿದ್ದಲ್ಲಿ, ಜಾಹೀರಾತಿನ ವಿವರಣೆಗೆ ಹೊಂದದಿದ್ದಲ್ಲಿ ಅಥವಾ ತಿಳಿಸಿದ ದಿನಾಂಕ ಮೀರಿ ತಲುಪಿದಲ್ಲಿ ಮಾರಾಟಗಾರರು ಅದನ್ನು ಹಿಂಪಡೆಯಲು ಅಥವಾ ಹಣ ಮರುಪಾವತಿಸಲು ನಿರಾಕರಿಸುವಂತಿಲ್ಲ. ನೆರೆಯಂತಹ ಅನಿವಾರ್ಯ ಕಾರಣದಿಂದ ಆದ ವಿಳಂಬಕ್ಕೆ ಮಾತ್ರ ವಿನಾಯಿತಿ ಇದೆ. ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಆದುದರಿಂದ ಮೊದಲು ಆ ಅಧಿಕಾರಿಗೆ ಲಿಖಿತವಾಗಿ ದೂರು ನೀಡುವುದು ಸೂಕ್ತ. ಸ್ಪಂದನೆ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.

ಮರುಮಾರಾಟಕ್ಕಾಗಿ ಖರೀದಿಸಿದವರು ಗ್ರಾಹಕರ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಆದರೆ ಗಂಗೊಳ್ಳಿಯ ಮೀನುಗಾರರೊಬ್ಬರು ತಾವೇ ನಡೆಸುವ ದೋಣಿಗೆ ಎಂಜಿನ್ ಬಿಡಿಭಾಗ ತರಿಸಿದಲ್ಲಿ, ಅಥವಾ ದರ್ಜಿಯೊಬ್ಬರು ಸ್ವಂತ ಜೀವನೋಪಾಯಕ್ಕಾಗಿ ಹೊಲಿಗೆ ಯಂತ್ರ ಕೊಂಡಲ್ಲಿ, ಸ್ವಯಂ ಉದ್ಯೋಗದ ವಿನಾಯಿತಿಯಡಿ ಅವರೂ ಗ್ರಾಹಕರೇ. ಈ ಅಂಶ ತಿಳಿಯದೆ ಹಕ್ಕನ್ನು ಕೈಬಿಡಬಾರದು.

ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಆಯೋಗದಲ್ಲಿ ಯಾವುದೇ ಶುಲ್ಕವಿಲ್ಲ. ಜಿಲ್ಲಾ ಆಯೋಗದ ವ್ಯಾಪ್ತಿ 50 ಲಕ್ಷ ರೂಪಾಯಿವರೆಗೆ ಇದೆ. ವ್ಯಾಜ್ಯಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದ್ದು, ಕೋರಿಕೆಯ ಮೇರೆಗೆ ವಿಡಿಯೋ ವಿಚಾರಣೆಗೆ ಅವಕಾಶವಿದೆ. ಬಿಲ್ಲು, ಆರ್ಡರ್ ಸಂಖ್ಯೆ, ಹಣ ಪಾವತಿಯ ದಾಖಲೆ, ಪೊಟ್ಟಣದ ಮೇಲಿನ ವಿಳಾಸ ಚೀಟಿ ಮತ್ತು ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು. ಪೊಟ್ಟಣ ತೆರೆಯುವಾಗಲೇ ತೆಗೆದ ಚಿತ್ರ ಅಥವಾ ವಿಡಿಯೋ ಉತ್ತಮ ಸಾಕ್ಷ್ಯವಾಗುತ್ತದೆ.

ಹಣ ಪಡೆದು ಕಣ್ಮರೆಯಾಗುವ ನಕಲಿ ಜಾಲತಾಣಗಳ ವಿಷಯ ಬೇರೆ. ವಿಳಾಸವೇ ಇಲ್ಲದವರಿಗೆ ಆಯೋಗದ ನೋಟಿಸು ತಲುಪುವುದು ಕಷ್ಟ. ಅಂತಹ ಸಂದರ್ಭದಲ್ಲಿ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ಹಣವು ವಂಚಕರ ಖಾತೆಯಿಂದ ಹೊರಹೋಗುವ ಮುನ್ನ ಮಾತ್ರ ಅದನ್ನು ತಡೆಹಿಡಿಯಲು ಸಾಧ್ಯ.