ನೆರೆಮನೆಯ ಹೆಸರು ಗೊತ್ತೇ?

ಸಹೋದರಿಯರೇ, ನೀವಿರುವ ಬಡಾವಣೆಯಲ್ಲಿ ಎಷ್ಟು ಮನೆಯವರ ಹೆಸರು ನಿಮಗೆ ಗೊತ್ತು? ಬೆರಳು ಮಡಚಿ ಎಣಿಸಿ ನೋಡಿ. ಇಂಟರ್‌ನೆಟ್ ಬಂದ ಮೇಲೆ ಮನೆಯೊಳಗಿನವರೇ ಅಪರಿಚಿತರಾಗಿದ್ದಾರೆ, ಇನ್ನು ನೆರೆಹೊರೆಯ ಮಾತೇನು ಎಂದು ನಾವು ದೂರುವುದುಂಟು. ಆದರೆ ಎಲ್ಲ ಕಡೆಯೂ ಹಾಗೇ ಆಗಬೇಕೆಂದಿಲ್ಲ.

ಕೆನಡಾದ ಟೊರೊಂಟೊ ನಗರದ ಹೊರವಲಯದಲ್ಲಿ 1990ರ ದಶಕದ ಕೊನೆಯಲ್ಲಿ 109 ಮನೆಗಳ ಹೊಸ ಬಡಾವಣೆಯೊಂದು ಎದ್ದಿತು. ಸಂಶೋಧಕರು ಅದನ್ನು ‘ನೆಟ್‌ವಿಲ್’ ಎಂದು ಕರೆದರು. ಪ್ರತಿ ಮನೆಗೂ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕ, ವೀಡಿಯೊ ಫೋನ್, ಬಡಾವಣೆಯವರಿಗೆಲ್ಲ ಒಂದೇ ಇಮೇಲ್ ಪಟ್ಟಿ ಕೊಡುವುದು ಯೋಜನೆಯಾಗಿತ್ತು. ಅದು ಪ್ರಯೋಗವಾದ್ದರಿಂದ ಶುಲ್ಕವಿರಲಿಲ್ಲ. ಆದರೆ ಕೆಲಸ ಪೂರ್ತಿಯಾಗದೆ 64 ಮನೆಗಳಿಗಷ್ಟೇ ಸಂಪರ್ಕ ಸಿಕ್ಕಿತು.

ಸಮಾಜಶಾಸ್ತ್ರಜ್ಞ ಕೀತ್ ಹ್ಯಾಂಪ್ಟನ್ 1997ರಿಂದ 1999ರವರೆಗೆ ಅಲ್ಲೇ ಬಾಡಿಗೆಗಿದ್ದು ಎಲ್ಲವನ್ನೂ ಗಮನಿಸಿದರು. ಸಂಪರ್ಕವಿದ್ದವರಿಗೆ ಸರಾಸರಿ 25 ನೆರೆಯವರ ಹೆಸರು ಗೊತ್ತಿತ್ತು. ಇಲ್ಲದವರಿಗೆ ಗೊತ್ತಿದ್ದುದು 8 ಮಾತ್ರ. ಸಂಪರ್ಕವಿದ್ದವರು ಮಾತನಾಡಿಸುತ್ತಿದ್ದ ನೆರೆಯವರ ಸಂಖ್ಯೆಯೂ ಎರಡು ಪಟ್ಟು. ಹೊಸ ಮನೆಗಳಲ್ಲಿ ದೋಷಗಳು ಕಂಡಾಗ ಅವರು ಇಮೇಲ್ ಪಟ್ಟಿಯಲ್ಲೇ ಒಗ್ಗೂಡಿ ಬಿಲ್ಡರ್ ಮೇಲೆ ಒತ್ತಡ ಹಾಕಿದರು. ಒಂಟಿಯಾಗಿ ಹೇಳಿದ್ದರೆ ಯಾರು ಕೇಳುತ್ತಿದ್ದರು?

ಕತೆಯ ಕೊನೆ ಮಾತ್ರ ಕಹಿ. 1999ರಲ್ಲಿ ಪ್ರಯೋಗ ಮುಗಿಯಿತೆಂದು ಕಂಪೆನಿಗಳು ಸೇವೆ ನಿಲ್ಲಿಸಿದವು. ನಿವಾಸಿಗಳು ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. ತಂತಿ ಅವರ ಮನೆಗೆ ಬಂದಿತ್ತು, ಆದರೆ ಅದರ ಹಿಡಿತ ಅವರ ಕೈಯಲ್ಲಿರಲಿಲ್ಲ.

ಇಂದು ನಮ್ಮೂರುಗಳಲ್ಲೂ ನೂರಾರು ಮನೆಗಳ ವಸತಿ ಸಮುಚ್ಚಯಗಳು ಏಳುತ್ತಿವೆ. ಮನೆ ಕೊಳ್ಳುವಾಗ ಅಡುಗೆಮನೆ, ನೀರು, ಗಾಳಿ ಬೆಳಕು ವಿಚಾರಿಸುತ್ತೇವೆ. ಇದನ್ನೂ ವಿಚಾರಿಸಿ. ಕೇಬಲ್ಲಿನ ಪೈಪನ್ನು ರಸ್ತೆ ಹಾಕುವ ಮೊದಲೇ ಹೂಳಿದ್ದಾರೆಯೇ? ಆಮೇಲಾದರೆ ಅಗೆತದ ಖರ್ಚು ನಿಮ್ಮ ತಲೆಗೇ. ಒಂದೇ ಕಂಪೆನಿಗೆ ಕಟ್ಟಿಹಾಕಿದ್ದಾರೆಯೇ, ಬೇಕಾದಾಗ ಬದಲಿಸಬಹುದೇ? ಕಾವಲುಗಾರನ ಕೋಣೆಗೂ ಲೈನ್ ಇದೆಯೇ? ಕೆಟ್ಟರೆ ಸರಿಪಡಿಸುವವರು ಯಾರು?

ನಿವಾಸಿಗಳ ಸಭೆಗೆ ಗಂಡಸರನ್ನಷ್ಟೇ ಕಳಿಸಬೇಡಿ, ನೀವೂ ಹೋಗಿ. ಹಗಲೆಲ್ಲ ಮನೆಯಲ್ಲಿರುವ ವೃದ್ಧರ, ಬಾಣಂತಿಯರ, ಮಕ್ಕಳ ಅಗತ್ಯ ನಿಮಗೇ ಚೆನ್ನಾಗಿ ಗೊತ್ತು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿದ್ದರೆ, ಯಾರ ಫೋಟೊ, ಫೋನ್ ನಂಬರನ್ನೂ ಒಪ್ಪಿಗೆಯಿಲ್ಲದೆ ಹೊರಗೆ ಕಳಿಸಬಾರದೆಂಬ ನಿಯಮ ಮೊದಲೇ ಇರಲಿ. ಫೋನ್ ಬಳಸಲು ಬಾರದ ನೆರೆಯಾಕೆಗೆ ಸುದ್ದಿ ಮುಟ್ಟಿಸುವ ಹೊಣೆ ಪಕ್ಕದ ಮನೆಯವರದಾಗಲಿ.

ನೆಟ್‌ವಿಲ್‌ನಲ್ಲಿ ತಂತಿ ತಲುಪದ ಮನೆಯವರು ನೆರೆಯವರಿಂದಲೂ ದೂರ ಉಳಿದರು. ನಮ್ಮ ಬಡಾವಣೆಯಲ್ಲಿ ಹಾಗಾಗದಿರಲಿ.