ಎರಡು ದಿನದ ಪ್ರದರ್ಶನ, ಮೂರು ತಿಂಗಳ ಬೆಳಕು

ವಿಠ್ಠಲವಾಡಿ ಎಂದರೆ ಕಲ್ಯಾಣಕ್ಕೂ ಉಲ್ಲಾಸನಗರಕ್ಕೂ ನಡುವೆ ಬರುವ ಸಣ್ಣ ಸ್ಟೇಷನ್. ಅಲ್ಲಿಂದ ಡೊಂಬಿವಲಿ, ಠಾಣೆ, ನವಿ ಮುಂಬಯಿವರೆಗೆ ಹರಡಿಕೊಂಡಿರುವ ಕನ್ನಡಿಗರ, ತುಳುವರ ಮನೆಗಳಲ್ಲೂ ಸಂಘಗಳ ಗೋದ್ರೇಜ್ ಕಪಾಟುಗಳಲ್ಲೂ ಒಂದು ಇಡೀ ವಲಸೆಯ ಕಾಗದಪತ್ರ ಕೂತಿದೆ. ಹೋಟೆಲ್ ಹುಡುಗರು ಓದಿದ ರಾತ್ರಿ ಶಾಲೆಯ ಹಾಜರಿ ಪುಸ್ತಕ, ಸಂಘದ ಠರಾವು ಪುಸ್ತಕ, ಯಕ್ಷಗಾನದ ಕರಪತ್ರ, ನಾಟಕದ ಟಿಕೆಟು, ಸೈಕ್ಲೋಸ್ಟೈಲ್ ಮಾಡಿದ ಸಭೆಯ ನೋಟೀಸು, ಹೆಸರು ಬರೆಯದ ಗ್ರೂಪ್ ಫೋಟೋ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಅದಕ್ಕೆ 2026 ನೂರನೆಯ ವರ್ಷ. ಅವುಗಳ ಹಿಂದೆಯೇ ಉಪನಗರಗಳ ಸಂಘಗಳೂ ಒಂದೊಂದಾಗಿ ಸುವರ್ಣ, ವಜ್ರ ಮಹೋತ್ಸವಗಳಿಗೆ ಬಂದು ನಿಲ್ಲುತ್ತಿವೆ. ಮಹೋತ್ಸವ ಎಂದಮೇಲೆ ಸ್ಮರಣ ಸಂಚಿಕೆ ಇದ್ದದ್ದೇ. ಅದರ ಜೊತೆಗೆ ಈಗ ‘ನಮ್ಮ ನೆನಪು’ ಎಂಬಂಥ ತಲೆಬರಹದ ಒಂದು ಪ್ರದರ್ಶನವೂ ಸೇರಿಕೊಂಡಿದೆ. ಸಭಾಂಗಣದ ಒಂದು ಬದಿಗೆ ಮೇಜು ಜೋಡಿಸಿ, ಬಿಳಿ ಬಟ್ಟೆ ಹಾಸಿ, ಹಳೆಯ ಪುಸ್ತಕಗಳನ್ನು ತೆರೆದಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಆ ಭಾವನೆಯ ಬಗ್ಗೆ ನನಗೆ ತಕರಾರಿದೆ. ಹಳೆಯ ಕಾಗದವನ್ನು ಪ್ರದರ್ಶನಕ್ಕಿಡುವುದೆಂದರೆ ಅದರ ಆಯುಷ್ಯದಲ್ಲಿ ಒಂದಿಷ್ಟನ್ನು ಖರ್ಚು ಮಾಡುವುದು. ಎಷ್ಟು ಖರ್ಚು, ಯಾತಕ್ಕೆ ಎಂಬ ಲೆಕ್ಕ ಮೊದಲೇ ಆಗಬೇಕು.

ಡೊಂಬಿವಲಿಯವರಿಗೆ ಪುಸ್ತಕದ ಜಾತ್ರೆ ಹೊಸದಲ್ಲ. ಅಲ್ಲಿನ ಪೈ ಫ್ರೆಂಡ್ಸ್ ಲೈಬ್ರರಿ ನಡೆಸುವ ಪುಸ್ತಕ ವಿನಿಮಯ ಮೇಳದಲ್ಲಿ ಓದುಗರು ತಮ್ಮ ಪುಸ್ತಕ ಕೊಟ್ಟು ಬೇರೆಯವರದನ್ನು ಒಯ್ಯುತ್ತಾರೆ. ಅಲ್ಲಿ ಪುಸ್ತಕ ಕೈಯಿಂದ ಕೈಗೆ ಹೋದಷ್ಟೂ ಒಳ್ಳೆಯದು, ಒಂದು ಪ್ರತಿ ಹರಿದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಠರಾವು ಪುಸ್ತಕಕ್ಕೆ ಇನ್ನೊಂದು ಪ್ರತಿ ಇಲ್ಲ. ಎರಡನ್ನೂ ಒಂದೇ ಬಗೆಯಲ್ಲಿ ಮೇಜಿನ ಮೇಲೆ ಹರಡುವುದರಿಂದಲೇ ಅನಾಹುತ ಶುರುವಾಗುತ್ತದೆ.

‘ಎರಡೇ ದಿನ ತಾನೆ, ಏನಾಗಿಬಿಡುತ್ತದೆ?’ ಎಂದು ಸಮಿತಿಯವರು ಕೇಳುವುದುಂಟು. ಉತ್ತರಕ್ಕೆ ಸ್ವಲ್ಪ ಗುಣಾಕಾರ ಬೇಕು. ಒಂದು ವಸ್ತುವಿನ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಸ್ತಪ್ರತಿ, ಫೋಟೋಗಳಂಥ ನಾಜೂಕು ವಸ್ತುಗಳಿಗೆ ಜಗತ್ತಿನ ಮ್ಯೂಸಿಯಮ್ಮುಗಳು ಇಟ್ಟುಕೊಂಡಿರುವ ಮಿತಿ ಸುಮಾರು 50 ಲಕ್ಸ್. ಒಳಹೋದೊಡನೆ ಕಣ್ಣು ಹೊಂದಿಕೊಳ್ಳಲು ತುಸು ಹೊತ್ತು ಬೇಕಾಗುವಷ್ಟು ಮಂದ ಬೆಳಕು ಅದು. ದಿನಕ್ಕೆ 8 ಗಂಟೆಯಂತೆ 90 ದಿನ ಆ ಬೆಳಕಿನಲ್ಲಿಟ್ಟರೆ ಕಾಗದ ಒಟ್ಟು 36,000 ಲಕ್ಸ್ ಗಂಟೆಗಳಷ್ಟು ಬೆಳಕು ಉಣ್ಣುತ್ತದೆ. ನಮ್ಮ ಸಭಾಂಗಣಗಳಲ್ಲಿ ಹಗಲು ಹೊತ್ತು ಕಿಟಕಿಯ ಪಕ್ಕದ ಮೇಜಿನ ಮೇಲೆ 2,000 ಲಕ್ಸ್ ಇರುವುದು ಏನೂ ವಿಶೇಷವಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಎರಡು ದಿನ ಅಲ್ಲಿಟ್ಟರೆ ಅದೂ 36,000. ಅಂದರೆ ಮ್ಯೂಸಿಯಮ್ಮಿನವರು ಮೂರು ತಿಂಗಳಲ್ಲಿ ಮಾಡುವ ಖರ್ಚನ್ನು ನಾವು ಶನಿವಾರ, ಭಾನುವಾರದಲ್ಲಿ ಮುಗಿಸುತ್ತೇವೆ. ಮ್ಯೂಸಿಯಮ್ಮಿನವರು ಆಮೇಲೆ ಆ ಹಾಳೆಯನ್ನು ವರ್ಷಗಟ್ಟಲೆ ಕತ್ತಲಲ್ಲಿಡುತ್ತಾರೆ, ನಾವು ಮುಂದಿನ ರಾಜ್ಯೋತ್ಸವಕ್ಕೆ ಮತ್ತೆ ಹೊರಗೆ ತೆಗೆಯುತ್ತೇವೆ. ಬೆಳಕಿನ ಏಟು ಮಾಯುವುದಿಲ್ಲ, ಕೂಡುತ್ತ ಹೋಗುತ್ತದೆ.

ಇದು ಬರೀ ಸಿದ್ಧಾಂತವಲ್ಲ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿಯನ್ನು 1841ರಿಂದ 1876ರವರೆಗೆ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿ, ಕಿಟಕಿಯ ಬೆಳಕು ಬೀಳುವ ಗೋಡೆಗೆ ತೂಗುಹಾಕಿದ್ದರು. ಗೌರವದಿಂದಲೇ ತೂಗುಹಾಕಿದ್ದು. ಇವತ್ತು ಅದರ ಸಹಿಗಳಲ್ಲಿ ಬಹುಪಾಲು ಮಸುಕಾಗಿ, ಓದಲು ಕಷ್ಟವಾಗಿವೆ. ಅದು ಚರ್ಮದ ಹಾಳೆ. ನಮ್ಮ ಸಂಘಗಳ ದಾಖಲೆಗಳು ಅದಕ್ಕಿಂತ ಬಡಪಾಯಿಗಳು. ನೀರಿನಲ್ಲಿ ಕರಗುವ ನೀಲಿ ಶಾಯಿ, ರಬ್ಬರ್ ಸ್ಟಾಂಪಿನ ನೇರಳೆ ಬಣ್ಣ, ಕಾರ್ಬನ್ ಪ್ರತಿ, ಬಣ್ಣದ ಕಾಗದದ ಕರಪತ್ರ. ಬೆಳಕಿಗೆ ಮೊದಲು ಸೋಲುವವು ಇವೇ. ಹಳೆಯ ಪತ್ರಿಕೆಗಳದು ಇನ್ನೊಂದು ಕಷ್ಟ. ನ್ಯೂಸ್‌ಪ್ರಿಂಟಿನಲ್ಲಿ ಮರದ ಅಂಶ ಹೆಚ್ಚು, ಬೆಳಕು ತಾಗಿದರೆ ಹಳದಿಯಾಗಿ ಅಪ್ಪಳದಂತೆ ಮುರಿಯುತ್ತದೆ.

ಇನ್ನು ಊರಿನ ಹವೆ. ಕಾಗದಕ್ಕೆ ಹಿತವಾದ ತೇವಾಂಶ ಶೇಕಡಾ 50ರ ಆಸುಪಾಸು. ಶೇಕಡಾ 65–70 ದಾಟಿದರೆ ಬೂಷ್ಟಿಗೆ ಹಬ್ಬ. ಠಾಣೆ ಜಿಲ್ಲೆಯ ಮಳೆಗಾಲದಲ್ಲಿ ಗಾಳಿ ವಾರಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ವಿಠ್ಠಲವಾಡಿಯ ಬದಿಗೆ ಹರಿಯುವ ವಾಲಧುನಿ ನದಿ ಕಾರ್ಖಾನೆಗಳ ಮತ್ತು ಊರಿನ ಹೊಲಸು ಹೊತ್ತು ಸಾಗುತ್ತದೆ. ಅಂಥ ನೀರಿನಿಂದ ಏಳುವ ಗಂಧಕದ ಅನಿಲ ಬೆಳ್ಳಿಯನ್ನು ಕೆಡಿಸುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರವಾಗಿ ಕಾಣುವುದು ಬೆಳ್ಳಿಯ ಕಣಗಳೇ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಮನೆ-ಅಂಗಡಿಗಳಿಗೆ ನೀರು ನುಗ್ಗಿಸಿದ 2005ರ ಜುಲೈ 26ರ ಮಳೆಯನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. ನೆಲಮಹಡಿಯ ಕಪಾಟಿನ ಕೆಳಗಿನ ಖಾನೆಯಲ್ಲಿ ದಾಖಲೆ ಇಟ್ಟಿರುವ ಸಂಘ ಯಾವುದೇ ಇರಲಿ, ಪ್ರದರ್ಶನದ ಮಾತು ಆಮೇಲೆ, ಮೊದಲು ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸಲಿ. ಪ್ರದರ್ಶನಕ್ಕೆ ಡಿಸೆಂಬರ್–ಫೆಬ್ರವರಿಯೇ ಸರಿಯಾದ ಕಾಲ. ಆಗಸ್ಟ್ 15ಕ್ಕೆ ಬೇಡ.

ಹೆಚ್ಚಿನ ಮೂಲಗಳನ್ನು ಒಳಗಿಟ್ಟು ನಕಲು ತೋರಿಸೋಣ ಎಂದರೆ ಬರುವ ಆಕ್ಷೇಪಗಳಲ್ಲಿ ತೂಕದವು ಎರಡಿವೆ. ಮೊದಲನೆಯದು ಇದು. ಮೂಲವನ್ನೇ ತೋರಿಸದೆ ಝೆರಾಕ್ಸ್ ತೂಗುಹಾಕಿದರೆ ನೋಡಲು ಯಾರು ಬರುತ್ತಾರೆ? ಮೂಡುಬಿದಿರೆಯಲ್ಲಿ ಧವಲ, ಜಯಧವಲ ಎಂಬ ಜೈನ ಗ್ರಂಥಗಳ ತಾಳೆಗರಿಗಳನ್ನು ಜನ ದರ್ಶನ ಎಂದೇ ನೋಡುವುದು, ಯಾರೂ ಅದರ ಫೋಟೋ ನೋಡಲು ಅಷ್ಟು ದೂರ ಹೋಗುವುದಿಲ್ಲ. ಮಾತು ನಿಜ. ಮೂಲಕ್ಕಿರುವ ಸೆಳೆತ ನಕಲಿಗೆ ಬರುವುದಿಲ್ಲ. ಆದರೆ ಆ ಸೆಳೆತಕ್ಕೆ ನೂರು ವಸ್ತು ಬೇಕಿಲ್ಲ, ಐದಾರು ಸಾಕು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ‘ಬುಕ್ ಆಫ್ ಕೆಲ್ಸ್’ ಗ್ರಂಥದ ಪುಟವನ್ನು ಹನ್ನೆರಡು ವಾರಕ್ಕೊಮ್ಮೆ ಮಗುಚುತ್ತಾರೆ, ಒಂದೇ ಪುಟ ಬೆಳಕು ತಿನ್ನದಿರಲಿ ಎಂದು. ನಮ್ಮ ಸಂವಿಧಾನದ ಮೂಲಪ್ರತಿಗಳು ಸಂಸತ್ತಿನ ಗ್ರಂಥಾಲಯದಲ್ಲಿ ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿವೆ, ದೇಶದ ಜನ ಅದರ ಪುಟಗಳ ಚಿತ್ರಗಳನ್ನು ನೋಡುವುದು ಅಚ್ಚಾದ ಪ್ರತಿಗಳಲ್ಲಿ. ಅದರಿಂದ ಸಂವಿಧಾನದ ಗೌರವ ಕುಂದಿಲ್ಲ. ಗ್ರೂಪ್ ಫೋಟೋಗಳ ವಿಷಯದಲ್ಲಂತೂ ನಕಲೇ ಮೇಲು. ಪೋಸ್ಟ್ ಕಾರ್ಡಿನಷ್ಟಿರುವ ಮೂಲದಲ್ಲಿ ಅಜ್ಜನ ಮುಖ ಕಡಲೆಕಾಳಿನಷ್ಟು. ಮೂರಡಿಗೆ ಹಿಗ್ಗಿಸಿ ತೂಗುಹಾಕಿದರೆ ಮೊಮ್ಮಕ್ಕಳು ಬೆರಳಿಟ್ಟು ತೋರಿಸಬಹುದು, ಪಕ್ಕದಲ್ಲಿ ಪೆನ್ನಿಟ್ಟರೆ ಬಂದವರು ಗುರುತು ಸಿಕ್ಕವರ ಹೆಸರು ಬರೆದು ಹೋಗುತ್ತಾರೆ. ಹೆಸರಿಲ್ಲದ ಫೋಟೋಗೆ ಹೆಸರು ಸಿಗುವುದು ಪ್ರದರ್ಶನದ ದೊಡ್ಡ ಲಾಭ, ಮೂಲಪ್ರತಿಯಿಂದ ಅದು ಆಗದು.

ಎರಡನೆಯ ಆಕ್ಷೇಪ ಇದರ ಉಲ್ಟಾ. ಇಷ್ಟೆಲ್ಲ ಹೆದರಿದರೆ ಕಪಾಟು ತೆರೆಯುವುದೇ ಬೇಡ ಎಂದಾಗುತ್ತದೆ, ಬೀಗದೊಳಗೆ ಬೆಳ್ಳಿಮೀನು ಹುಳು ತಿಂದು ಮುಗಿಸುತ್ತದೆ ಎಂದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮುಚ್ಚಿದ ಕಪಾಟು ಕಾಪಾಡುತ್ತದೆ ಎಂಬುದು ಸೋಮಾರಿಗಳ ಸಮಾಧಾನ. ಅದಕ್ಕೇ ಪ್ರದರ್ಶನ ಬೇಕು. ಕಪಾಟು ತೆರೆಯಲು, ಒಳಗೇನಿದೆ ಎಂದು ಬರೆದಿಡಲು ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಅಂಕಿ, ಅದು ಏನು, ಯಾರು ಕೊಟ್ಟದ್ದು, ಎಷ್ಟು ಪುಟ, ಎಲ್ಲಿ ಹರಿದಿದೆ, ಎಲ್ಲಿ ಕಲೆಯಿದೆ, ಜೊತೆಗೆ ಮೊಬೈಲಿನಲ್ಲಿ ತೆಗೆದ ಎರಡು ಚಿತ್ರ. ಪ್ರದರ್ಶನ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಮತ್ತೊಮ್ಮೆ ತಾಳೆ ನೋಡುವುದು. ಮನೆಗಳಿಂದ ಎರವಲು ತಂದ ಫೋಟೋಗೆ ರಸೀದಿ, ಹಿಂದಿರುಗಿಸುವ ತಾರೀಖು, ಎರಡೂ ಕಡೆಯ ಸಹಿ. ‘ನಮ್ಮವರೇ ಅಲ್ಲವೇ, ರಸೀದಿ ಯಾಕೆ?’ ಎಂಬ ಸಂಕೋಚದಲ್ಲಿ ಕಳೆದುಹೋದ ಮದುವೆ ಫೋಟೋಗಳಿಗೆ ಲೆಕ್ಕವಿಲ್ಲ. ಮಹೋತ್ಸವದ ಶಾಮಿಯಾನ ಬಿಚ್ಚಿದ ಮೇಲೂ ಸಂಘದಲ್ಲಿ ಉಳಿಯುವುದು ಈ ಪಟ್ಟಿ. ಅದಿಲ್ಲದ ಸಂಘ ಮೂಲವನ್ನು ಮೇಜಿಗೆ ತರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಣ ಎಲ್ಲಿದೆ ಎಂದರೆ, ಇಲ್ಲಿ ಬೇಕಾಗುವುದು ಹಣಕ್ಕಿಂತ ಬೇಡ ಎನ್ನುವ ಅಭ್ಯಾಸ. ಸೆಲ್ಲೋಟೇಪ್ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಬಿಡಿಸಲು ಬರುವುದಿಲ್ಲ. ಹಾಳೆ ನಿಲ್ಲಿಸಲು ಮೂಲೆಗಳಿಗೆ ಪಾರದರ್ಶಕ ಪಾಲಿಯೆಸ್ಟರಿನ ತ್ರಿಕೋನ ಸಾಕು. ಹೊಲಿಗೆ ಸಡಿಲಾದ ಪುಸ್ತಕವನ್ನು ಚಪ್ಪಟೆಯಾಗಿ ತೆರೆದಿಡದೆ ಎರಡೂ ರಟ್ಟಿನ ಕೆಳಗೆ ಆಸರೆ ಕೊಟ್ಟು ಅರ್ಧ ತೆರೆದಿಡಬಹುದು. ಹೊಸ ಪ್ಲೈವುಡ್ಡಿನ, ಹಸಿ ಪೇಂಟಿನ ಪೆಟ್ಟಿಗೆ ಆಮ್ಲದ ಆವಿ ಬಿಡುತ್ತದೆ, ಆದ್ದರಿಂದ ಹಿಂದಿನ ದಿನ ಬಡಗಿಯನ್ನು ಕರೆಸುವುದು ಬೇಡ. ಕಿಟಕಿಗೆ ದಪ್ಪ ಪರದೆ. ಬಿಳಿ ಕೈಗವಸು ಹಾಕಿ ಹಳೆಯ ಪುಸ್ತಕ ಮಗುಚುವ ದೃಶ್ಯ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕಾಗದಕ್ಕೆ ತೊಳೆದು ಒಣಗಿಸಿದ ಬರಿಗೈಯೇ ಒಳ್ಳೆಯದು. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಗವಸು ಬೇಕಾದದ್ದು ಫೋಟೋಗೆ. ನಮ್ಮಲ್ಲಿ ಮಾತ್ರ ಎದುರಾಗುವ ಎರಡು ಅಪಾಯಗಳಿವೆ, ಉದ್ಘಾಟನೆಯ ದೀಪ ಮತ್ತು ಉಪಾಹಾರದ ಕೌಂಟರ್. ದೀಪ ಬೆಳಗುವುದು, ಹಾರ ಹಾಕುವುದು ವೇದಿಕೆಯ ಮೇಲಾಗಲಿ, ಚಹಾ-ಬಜ್ಜಿ ಇನ್ನೊಂದು ಕೋಣೆಯಲ್ಲಿರಲಿ. ದಾಖಲೆಯ ಮೇಜಿನ ಹತ್ತಿರ ಎರಡೂ ಸುಳಿಯಬಾರದು.

ನೆರೆಯಲ್ಲೇ ಕೇಳಿ ಕಲಿಯುವುದಕ್ಕೂ ಅವಕಾಶವಿದೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಹಳೆಯ ಕಾಗದವನ್ನು ಈ ಹವೆಯಲ್ಲಿ ಕಾಯುವುದರ ಕಷ್ಟ ಆ ಗ್ರಂಥಾಲಯಗಳಿಗೆ ನಮಗಿಂತ ಮೊದಲಿನಿಂದ ಗೊತ್ತು, ಕಷ್ಟಕ್ಕೆ ಭಾಷೆಯ ಭೇದವಿಲ್ಲ. ಕಾನೂನಿನ ಮಾತೂ ಒಂದಿದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದರೆ ಪ್ರಾಚ್ಯವಸ್ತುವೇ, ಹಳೆಯ ಸಂಘಗಳ ಕಪಾಟಿನಲ್ಲಿ ಅಂಥವು ಇರಬಹುದು. ಹಾಗಾಗಿ ಮಹೋತ್ಸವ ಸಮಿತಿ ರಚಿಸುವಾಗ ಸ್ವಾಗತ, ಊಟ, ಮನರಂಜನೆಗಳಿಗೆ ಉಪಸಮಿತಿ ಮಾಡುವಂತೆ ದಾಖಲೆಗೂ ಒಂದನ್ನು ಮಾಡಿ. ಅದರಲ್ಲಿ ಮೂವರಿದ್ದರೆ ಸಾಕು, ಆದರೆ ಕಾರ್ಯಕ್ರಮಕ್ಕೆ ಆರು ತಿಂಗಳು ಮೊದಲೇ ಕಪಾಟಿನ ಕೀಲಿ ಅವರ ಕೈಗೆ ಕೊಡಿ.