ನಗಿಸಲು ಎದ್ದು ನಿಲ್ಲುವ ಮುನ್ನ

ಕಾಫಿ ಕಣದ ಬದಿಯಲ್ಲಿ ಕುಳಿತು ಹರಟುವಾಗ ಜೊತೆಯವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವವರು ಸಕಲೇಶಪುರ, ಆಲೂರು ಸೀಮೆಯ ಯಾವ ಊರಿಗೆ ಹೋದರೂ ಒಬ್ಬರಾದರೂ ಸಿಕ್ಕುತ್ತಾರೆ. ನಿಮ್ಮ ಊರಿನಲ್ಲಿ ಅವರು ನೀವೇ ಆಗಿರಬಹುದು. ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಹೊಸಬರ ಹಾಸ್ಯಸ್ಪರ್ಧೆಯೊಂದು ಏರ್ಪಾಡಾಗಿ, ಗೆಳೆಯರು ನಿಮ್ಮನ್ನು ಕೇಳದೆಯೇ ನಿಮ್ಮ ಹೆಸರನ್ನು ಕೊಟ್ಟುಬಿಟ್ಟಿದ್ದಾರೆ ಎಂದು ಇಟ್ಟುಕೊಳ್ಳಿ. ವೇಷವಿಲ್ಲ, ಜೊತೆಗಾರನಿಲ್ಲ, ಎದುರಿಗೆ ಒಂದು ಮೈಕು, ಅದರ ಆಚೆಗೆ ಊರಿಗೆ ಊರೇ. ಇದನ್ನು ಇಂದಿನ ತರುಣರು ಸ್ಟ್ಯಾಂಡಪ್ ಕಾಮಿಡಿ ಎನ್ನುತ್ತಾರೆ. ಕಣದ ಬದಿಯಲ್ಲಿ ತಾನಾಗಿ ಬಂದ ನಗೆ ವೇದಿಕೆಯ ಮೇಲೂ ಬರಬೇಕಾದರೆ ಏನು ಮಾಡಬೇಕು?

ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಬಯಲಾಟದ ಕೋಡಂಗಿಯೂ ಹಾಸ್ಯಗಾರನೂ ಈ ಕೆಲಸವನ್ನು ಬಹುಕಾಲ ಮಾಡಿದವರೇ. ಬೀಚಿಯವರ (1913-1980) ತಿಂಮ ಅದನ್ನೇ ಅಚ್ಚಿನಲ್ಲಿ ಮಾಡಿದ. ದೂರದರ್ಶನದ ವಾಹಿನಿಗಳು ಬಂದ ಮೇಲೆ ಕಾಮಿಡಿ ಕಿಲಾಡಿಗಳು ಮುಂತಾದ ಸ್ಪರ್ಧೆಗಳು ಹಳ್ಳಿಯ ಹುಡುಗ ಹುಡುಗಿಯರಿಗೂ ವೇದಿಕೆಯ ಆಸೆ ಹುಟ್ಟಿಸಿವೆ. ಆಸೆ ಒಳ್ಳೆಯದೇ. ಆದರೆ ಅಲ್ಲಿ ಕೇಳಿದ ಮಾತನ್ನೇ ಬಾಯಿಪಾಠ ಮಾಡಿ ಒಪ್ಪಿಸಿದರೆ ನಗೆ ಬಾರದು. ಜನ ಅದನ್ನು ನಿಮಗಿಂತ ಮೊದಲೇ ಕೇಳಿರುತ್ತಾರೆ.

ಆದುದರಿಂದ ಸರಕನ್ನು ನಿಮ್ಮ ಅಂಗಳದಿಂದಲೇ ಆರಿಸಿಕೊಳ್ಳಿ. ಬಿಡದೆ ಸುರಿಯುವ ಮಳೆ, ಒಣಗದ ಬಟ್ಟೆ, ಬಾರದ ಬಸ್ಸು, ಹೋದ ಕರೆಂಟು, ಇವೆಲ್ಲವೂ ನಗೆಯ ಬೀಜಗಳೇ. ಭಾಷೆಯೂ ಮನೆಯದೇ ಇರಲಿ. ಕೈಲಾಸಂ ಅವರು ಮನೆಯಲ್ಲಿ ಆಡುವ ಕನ್ನಡವನ್ನೇ ರಂಗಕ್ಕೆ ತಂದುದರಿಂದಲ್ಲವೆ ಅವರ ಪಾತ್ರಗಳು ಬಾಯಿ ತೆರೆದೊಡನೆ ಜನ ನಕ್ಕದ್ದು?

ಇನ್ನು ಮಾತಿನ ಕಟ್ಟಡ. ಕೇಳುವವನು ಒಂದನ್ನು ನಿರೀಕ್ಷಿಸುವಂತೆ ಮಾಡಿ, ಕೊನೆಯ ಗಳಿಗೆಯಲ್ಲಿ ಇನ್ನೊಂದನ್ನು ಕೈಗಿಡುವುದೇ ನಗೆಯ ಗುಟ್ಟು. ಒಂದು ಉದಾಹರಣೆ ನೋಡಿ. "ಇಂಬಳ ನಮ್ಮೂರಿನಲ್ಲಿ ವರ್ಷ ವರ್ಷವೂ ಎಲ್ಲರ ಕಾಲು ಹಿಡಿಯುತ್ತದೆ" ಎಂದರೆ ಅದು ಬರಿಯ ವರದಿ. "ಚುನಾವಣೆ ಮುಗಿದ ಮೇಲೂ ನಮ್ಮೂರಿನಲ್ಲಿ ಎಲ್ಲರ ಕಾಲು ಹಿಡಿಯುವುದು ಒಂದೇ ಒಂದು: ಇಂಬಳ" ಎನ್ನಿ. ವಿಷಯ ಅದೇ, ಆದರೆ ಅಚ್ಚರಿಯ ಪದ ಕೊನೆಗೆ ಬಂದಿದೆ. ಆ ಪದವಾದ ಮೇಲೆ ಇನ್ನೊಂದು ಮಾತನ್ನೂ ಸೇರಿಸಬೇಡಿ. ಸೇರಿಸಿದರೆ ಬರುತ್ತಿರುವ ನಗೆಯ ಮೇಲೆ ನೀವೇ ಕಾಲಿಟ್ಟಂತೆ. "ಇಲ್ಲ", "ಅಲ್ಲ" ಎಂಬುವು ಕನ್ನಡದಲ್ಲಿ ವಾಕ್ಯದ ತುದಿಗೇ ಬರುವುದರಿಂದ ಈ ಕೆಲಸಕ್ಕೆ ನಮ್ಮ ನುಡಿಯೇ ಅರ್ಧ ನೆರವಾಗುತ್ತದೆ.

ಬರೆದುದನ್ನು ಕಣ್ಣಿನಲ್ಲಿ ಓದಿ ತೃಪ್ತರಾಗದೆ ಗಟ್ಟಿಯಾಗಿ ಹೇಳಿ ನೋಡಿ. ನಾಲಿಗೆ ಎಡವಿದ ಕಡೆ ಕತ್ತರಿ ಹಾಕಿ. ಕೊಟ್ಟ ಅವಧಿ ಐದು ನಿಮಿಷವಾದರೆ ನಾಲ್ಕು ನಿಮಿಷಕ್ಕೆ ಮುಗಿಯುವಷ್ಟು ಸಿದ್ಧಮಾಡಿ. ಉಳಿದ ಒಂದು ನಿಮಿಷ ನಗುವವರದು. ಎಲ್ಲಕ್ಕಿಂತ ಒಳ್ಳೆಯ ಮಾತನ್ನು ಕೊನೆಗೂ ಅದರ ನಂತರದ್ದನ್ನು ಮೊದಲಿಗೂ ಇಟ್ಟುಕೊಳ್ಳಿ. ಮನೆಯವರ ಮುಂದೆ ಒಮ್ಮೆ, ನಿಮ್ಮ ಪರಿಚಯವೇ ಅಷ್ಟಾಗಿ ಇಲ್ಲದವರ ಮುಂದೆ ಒಮ್ಮೆ ಹೇಳಿ. ಮನೆಯವರು ಪ್ರೀತಿಯಿಂದ ನಗುತ್ತಾರೆ. ನಿಜವಾದ ಪರೀಕ್ಷೆ ಎರಡನೆಯದು.

ಇಷ್ಟೂ ಕೈಕೆಲಸವಾಯಿತು. ಇದಕ್ಕಿಂತ ಕಷ್ಟವಾದುದು, ಯಾರನ್ನು ಕುರಿತು ನಗಬೇಕು ಎಂಬುದು. ನಮ್ಮ ಬೆಟ್ಟಗಳಲ್ಲಿ ಕಾಡಾನೆಯ ಮಾತೆತ್ತದೆ ದಿನ ಕಳೆಯುವುದಿಲ್ಲ. ಹೊಸಬನಿಗೆ ಮೊದಲು ಹೊಳೆಯುವ ಹಾಸ್ಯವೂ ಅದೇ. ಆದರೆ ತೋಟದ ಕೆಲಸಕ್ಕೆ ಹೋಗಿ ಆನೆಯ ಕಾಲಿಗೆ ಸಿಕ್ಕಿದವರ ಮನೆಗಳು ಈ ಎರಡೂ ತಾಲ್ಲೂಕುಗಳಲ್ಲಿವೆ. 2023ರ ಡಿಸೆಂಬರ್ 4ರಂದು, ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಡನೆ ಸೆಣಸಿ ಮಡಿದಾಗ ನಾಡೆಲ್ಲ ಅತ್ತಿತು. ಅಂಥ ಮನೆಯವರೊಬ್ಬರು ಸಭೆಯಲ್ಲಿದ್ದರೆ, ಓಡಲಾರದೆ ಬಿದ್ದ ಕೂಲಿಯವನನ್ನು ಕುರಿತ ನಿಮ್ಮ ನಗೆಚಾಟಿಕೆ ಅವರಿಗೆ ಹೇಗೆ ಕೇಳಿಸೀತು?

ಹಾಗೆಂದು ಆನೆಯ ಸುದ್ದಿಯನ್ನೇ ಬಿಡಬೇಕೆಂದಲ್ಲ. ಆನೆ ಹತ್ತಿರದಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬಂದ ರಾತ್ರಿ, ಕೊಟ್ಟಿಗೆಯಲ್ಲಿ ಎಮ್ಮೆ ಕೊಡವಿದ ಸದ್ದಿಗೆ ನೀವು ಮಂಚದ ಕೆಳಗೆ ಸೇರಿ, "ಚಪ್ಪಲಿ ಹುಡುಕುತ್ತಿದ್ದೆ ಕಣೇ" ಎಂದು ಹೆಂಡತಿಗೆ ಹೇಳಿದ್ದನ್ನು ಹೇಳಿ. ಆಗ ನೊಂದವರೂ ನಕ್ಕಾರು, ಏಕೆಂದರೆ ಆ ಭಯ ಅವರದೂ ಹೌದು. ಸಕಲೇಶಪುರವನ್ನು ದಾಟಿ ಹೋಗುವ ಹೇಮಾವತಿಯ ಕೆಳದಂಡೆಯ ಗೊರೂರಿನಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು (1904-1991) ಹಳ್ಳಿಗರನ್ನು ಕುರಿತು ನಕ್ಕಾಗ ತಾವೂ ಆ ಗುಂಪಿನೊಳಗೇ ನಿಂತಿದ್ದರು. ಮಾಸ್ಟರ್ ಹಿರಣ್ಣಯ್ಯನವರು (1934-2019) ಲಂಚಾವತಾರದಲ್ಲಿ ಚುಚ್ಚಿದ್ದು ಅಧಿಕಾರದಲ್ಲಿದ್ದವರನ್ನು. ತನ್ನನ್ನು ಕುರಿತು ನಗಬಹುದು, ತನಗಿಂತ ಬಲವಾದವರನ್ನು ಕುರಿತೂ ನಗಬಹುದು. ಉತ್ತರ ಕೊಡಲಾರದವನನ್ನು ಕುರಿತು ನಗುವುದು ಹಾಸ್ಯವಲ್ಲ. ಬರೆದ ಪ್ರತಿಯೊಂದು ಮಾತಿಗೂ ಒಂದು ಪ್ರಶ್ನೆ ಹಾಕಿ: ಈ ಮಾತು ಯಾರ ಮೇಲೋ, ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಆಡಬಲ್ಲೆನೆ?

ಸ್ಪರ್ಧೆಯ ದಿನ ಮುಂಚಿತವಾಗಿ ಹೋಗಿ ಮೈಕನ್ನು ನೋಡಿಕೊಳ್ಳಿ. ಬಾಯಿಂದ ಗೇಣುದ್ದ ದೂರವಿರಲಿ. ತಗಡಿನ ಮೇಲೆ ಮಳೆ ಬಡಿಯುತ್ತಿದ್ದರೆ ಕೂಗಬೇಡಿ, ನಿಧಾನಿಸಿ. ಜನ ನಕ್ಕಾಗ ನಿಲ್ಲಿಸಿ. ನಗದಿದ್ದಾಗ ಅವರನ್ನು ಬಯ್ಯದೆ ಮುಂದಿನ ಮಾತಿಗೆ ಹೋಗಿ. ಒಂದೆರಡು ಮಾತು ಬಿದ್ದೇ ಬೀಳುತ್ತವೆ. ಯಾವುದು ಬಿತ್ತೆಂದು ಅಂದಿನ ರಾತ್ರಿಯೇ ಗುರುತು ಹಾಕಿಕೊಂಡರೆ ಮುಂದಿನ ಸಲದ ಸಿದ್ಧತೆ ಆಗಲೇ ಆರಂಭವಾದಂತೆ.

ಬಹುಮಾನ ಬರಬಹುದು, ಬಾರದೆಯೂ ಇರಬಹುದು. ಮರುದಿನ ಕಣದ ಬದಿಯಲ್ಲಿ, ನೀವು ಯಾರನ್ನು ಕುರಿತು ನಗಿಸಿದಿರೋ ಅವರೇ ನಿಮ್ಮನ್ನು ಕರೆದು ಕೂರಿಸಿ, "ಇನ್ನೊಂದ್ಸಲ ಹೇಳಪ್ಪ" ಎಂದರೆ, ನೀವು ಗೆದ್ದಿರೆಂದು ತಿಳಿಯಿರಿ.